ಚಪ್ಪಟೆ ಬುಡ, ದೋಣಿಬಾಲ

ಬಾವುಟದ ತುದಿ ಎದ್ದಿತು, ಇಲ್ಲ, ಎದ್ದಿಲ್ಲ, ಹಾಗನ್ನಿಸಿತು ಅಷ್ಟೇ, ಅರವತ್ತರ ಈ ಕಣ್ಣನ್ನು ನಂಬುವ ಹಾಗಿಲ್ಲ ಎಂದುಕೊಂಡು ಅವನು ದುರ್ಬೀನಿನಿಂದ ಮುಖ ತೆಗೆದು ಬರಿಗಣ್ಣಲ್ಲಿ ನೋಡಿದ — ಎದ್ದಿದೆ, ಬೆಳಗಿನಿಂದ ಒದ್ದೆ ಟವೆಲಿನ ಹಾಗೆ ಕಂಬಕ್ಕೆ ಜೋತುಬಿದ್ದಿದ್ದ ಹಳದಿ ಬಾವುಟ ಬಲದಿಂದ ಎಡಕ್ಕೆ ಚಾಚುತ್ತಿದೆ, ಅಯ್ಯೋ ನಿನ್ನ, ಇನ್ನು ಹತ್ತು ನಿಮಿಷ ಸುಮ್ಮನಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು, ಬೆಳಿಗ್ಗೆ ಗಾಳಿ ಇರಲ್ಲ ಗುಬ್ಬಿ, ಈ ಮೈದಾನ ನಂಗೊತ್ತು, ಹನ್ನೊಂದರ ತನಕ ಒಂದೆಲೆ ಅಲ್ಲಾಡಲ್ಲ ಎಂದು ಎದೆ ತಟ್ಟಿಕೊಂಡು ಹೇಳಿದವನು ಅವನೇ, ಈಗ ಗಂಟೆ ಹತ್ತೂ ಕಾಲು. ಗುಬ್ಬಿ ಎಂದರೆ ತಂಗಿ, ನಲವತ್ತು ತುಂಬಲಿರುವ ಗುಬ್ಬಿ, ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಊರವರ ರಕ್ತ ಪರೀಕ್ಷೆ ಮಾಡುವವಳು, ಹಗ್ಗದ ಆಚೆ ಏಳನೇ ಚಾಪೆಯ ಮೇಲೆ ಬೋರಲು ಮಲಗಿ ರೈಫಲ್ಲಿಗೆ ಕೆನ್ನೆ ಒತ್ತಿದ್ದಾಳೆ, ಎಡಗಾಲು ಎಂದಿನಂತೆ ಕೊಂಚ ಓರೆ, ಆ ಕಾಲು ನೆಟ್ಟಗಿಡೇ ಎಂದು ಇಪ್ಪತ್ತೆರಡು ವರ್ಷ ಹೇಳಿ ಅವನ ಬಾಯಿ ಸೋತಿದೆ, ಈಗ ಅದೇ ಓರೆ ಕಾಲು ಕಂಡರೆ ಕಣ್ಣು ತುಂಬುತ್ತದೆ, ಇದೆಂಥ ಕರ್ಮ. ಆರುನೂರು ಮೀಟರ್, ಇಪ್ಪತ್ತು ಗುಂಡು, ಹದಿನೆಂಟು ಮುಗಿದಿವೆ, ಉಳಿದೆರಡರಿಂದ ಹದಿನೆಂಟು ಅಂಕ ಬೇಕು, ಎರಡು ಒಂಬತ್ತು ಬಿದ್ದರೆ ತಂಡದಲ್ಲಿ ಜಾಗ ಅವಳದು, ಇಲ್ಲದಿದ್ದರೆ ಆಗಲೇ ಮುಗಿಸಿ ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತಿರುವ ಆ ಬ್ಯಾಂಕಿನವಳದು, ಮುಂದಿನ ವರ್ಷ ಎಂಬುದಿಲ್ಲ, ನಲವತ್ತು ದಾಟಿದವರು ಬೇಡ ಎಂದು ಸಂಘದವರು ಬರೆದು ಗೋಡೆಗೆ ಅಂಟಿಸಿದ್ದಾರೆ. ಅದರ ಪಕ್ಕದಲ್ಲೇ ಇನ್ನೊಂದು ಹಾಳೆ — ಹಗ್ಗದ ಹಿಂದಿನಿಂದ ಯಾರೂ ಮಾತಾಡಕೂಡದು, ಸನ್ನೆ ಮಾಡಕೂಡದು, ಮಾಡಿದರೆ ಹೊಡೆಯುವವರ ಅಂಕವೆಲ್ಲ ರದ್ದು.

ಅವನ ಕೈ ತಾನಾಗಿ ಕೋಟಿನ ಬಲಜೇಬಿಗೆ ಹೋಗುತ್ತದೆ, ಅಲ್ಲಿ ಡಬ್ಬಿ ಇದೆ, ದೋಣಿಬಾಲದ ಗುಂಡುಗಳದ್ದು, ಅವಳ ಚೀಲದಲ್ಲಿ ಇರಬೇಕಾಗಿದ್ದದ್ದು, ಬೆಳಿಗ್ಗೆ ತಿಂಡಿ ಮುಗಿಸಿ ಹೊರಡುವಾಗ ಅವನೇ ತೆಗೆದು ಜೇಬಿಗಿಳಿಸಿದ್ದ, ಎರಡು ಥರದ ಗುಂಡು ಇದ್ರೆ ಎರಡು ಮನಸ್ಸಾಗುತ್ತೆ, ಒಂದೇ ಇರ್ಲಿ, ಅವಳು ಒಂದು ಗಳಿಗೆ ಅವನ ಮುಖ ನೋಡಿದಳು, ಆಮೇಲೆ ಸರಿ ಅಣ್ಣ ಎಂದಳು. ಭಾನುವಾರ ಮಧ್ಯಾಹ್ನ ಮಾತ್ರ ಅಷ್ಟು ಸುಲಭಕ್ಕೆ ಒಪ್ಪಿರಲಿಲ್ಲ. ಊಟದ ಮೇಜಿನ ಮೇಲೆ ಹಿಂದಿನ ದಿನ ತಾನೇ ಹೊಡೆದು ನೋಡಿದ ಗುರಿಹಾಳೆ ಹರಡಿ, ಪಕ್ಕದಲ್ಲಿ ಎರಡು ಗುಂಡು ನಿಲ್ಲಿಸಿದ್ದ, ಒಂದರ ಬುಡ ಕತ್ತರಿಸಿಟ್ಟ ಹಾಗೆ ಚಪ್ಪಟೆ, ಇನ್ನೊಂದರದ್ದು ದೋಣಿಯ ಹಿಂಬದಿಯ ಹಾಗೆ ಒಳಕ್ಕೆ ಸೊರಗಿದ್ದು, ನೋಡು ಗುಬ್ಬಿ, ಚಪ್ಪಟೆ ಬುಡದ್ದು ಐದಕ್ಕೆ ಐದೂ ಒಂದು ಶರ್ಟಿನ ಗುಂಡಿಯೊಳಗೆ ಬಿದ್ದಿದೆ, ನಿನ್ನ ದೋಣಿಬಾಲ ಅಂಗೈಯಷ್ಟಗಲ ಚೆಲ್ಲಾಡಿದೆ, ಹಾಳೆ ಸುಳ್ಳು ಹೇಳುತ್ತಾ, ಅವಳು ಹಾಳೆ ಎತ್ತಿ ಬೆಳಕಿಗೆ ಹಿಡಿದು, ಇದು ನೂರು ಮೀಟರಿಂದು ಅಣ್ಣ, ನಮ್ಮ ಕ್ಲಬ್ಬಲ್ಲಿ ಇರೋದೇ ಅಷ್ಟು, ಆರುನೂರಕ್ಕೆ ಹೋದ್ರೆ ಗಾಳಿ ಬಂದೇ ಬರುತ್ತೆ, ಚಪ್ಪಟೆ ಬುಡದ್ದು ಗಾಳಿ ಎಳೆದ ಕಡೆ ಹೋಗಿಬಿಡುತ್ತೆ, ಇದಾದ್ರೆ ಗಾಳಿ ಸೀಳಿಕೊಂಡು ಹೋಗುತ್ತೆ, ಅದೆಲ್ಲ ಅವನಿಗೆ ಗೊತ್ತಿಲ್ಲದ್ದೇ, ಮೂವತ್ತು ವರ್ಷ ಕ್ಲಬ್ಬಿನ ಬಂದೂಕು ರಿಪೇರಿ ಮಾಡಿದವನಿಗೆ, ಅವನೇ ಹೇಳಿಕೊಟ್ಟ ಪಾಠವನ್ನು ಅವನಿಗೇ ಒಪ್ಪಿಸುತ್ತಾಳೆ, ಗಾಳಿ ಬರೋದು ಆಮೇಲಿನ ಮಾತು ಕಣೇ, ಒಂದೇ ತೂತಿಗೆ ಹೋಗೋ ಗುಂಡು ಮನೇಲಿಟ್ಕೊಂಡು ಚೆಲ್ಲಾಡೋದನ್ನ ಯಾರಾದ್ರೂ ಹಿಡ್ಕೊಂಡು ಹೋಗ್ತಾರಾ. ಅಷ್ಟರಲ್ಲಿ ಅವನ ಹೆಂಡತಿ ಅಡುಗೆಮನೆಯಿಂದ ಬಂದು, ರೀ, ಊಟದ ಮೇಜಿನ ಮೇಲೆ ಗುಂಡು ಇಡಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳಲಿ, ಅಣ್ಣ ತಂಗಿ ಇಬ್ಬರೂ ಅದನ್ನೇ ಕಲಸಿಕೊಂಡು ತಿನ್ನಿ ಎಂದು ಉಪ್ಪಿನ ಡಬ್ಬಿಯನ್ನು ಧಪ್ಪನೆ ಕುಕ್ಕಿದಳು, ಮೇಜು ನಡುಗಿತು, ಚಪ್ಪಟೆ ಬುಡದ್ದು ಜಪ್ಪಯ್ಯ ಎನ್ನಲಿಲ್ಲ, ದೋಣಿಬಾಲ ಬಿದ್ದು, ಅರ್ಧ ಸುತ್ತು ಉರುಳಿ, ಉಪ್ಪಿನ ಡಬ್ಬಿಗೆ ಟಿಣ್ಣೆಂದು ತಾಗಿ ನಿಂತಿತು, ಮೂವರೂ ನಕ್ಕರು, ನೋಡಿದ್ಯಾ ಎಂದ ಅವನು, ಅವಳು ನಗುತ್ತಲೇ ಬೆರಳ ತುದಿಯಿಂದ ಅದನ್ನು ಎತ್ತಿ ಮತ್ತೆ ನಿಲ್ಲಿಸಿದಳು.

ಬಾವುಟ ಇನ್ನಷ್ಟು ಮೇಲೆದ್ದಿದೆ, ಅವಳು ನೋಡಿದ್ದಾಳೆ, ನೋಡದೆ ಇರುತ್ತಾಳೆಯೇ, ಬೆರಳು ಗುರಿಕಣ್ಣಿನ ತಿರುಪಿಗೆ ಹೋಯಿತು, ಒಂದು ಕಟಕ್, ಎರಡು — ಇನ್ನೊಂದು ತಿರುಗಿಸೇ, ಚಪ್ಪಟೆ ಬುಡಕ್ಕೆ ಇನ್ನೊಂದು ಬೇಕು, ನೀನು ವರ್ಷಗಟ್ಟಲೆ ದೋಣಿಬಾಲ ಹೊಡೆದವಳು, ನಿನ್ನ ಕೈಗೆ ಗೊತ್ತಿರುವುದು ಆ ಲೆಕ್ಕ — ನಾಲಿಗೆ ಹಲ್ಲಿನ ಹಿಂದೆ ಬಂದು ನಿಂತಿದೆ, ಅವನು ಅದನ್ನು ಕಚ್ಚಿ ಹಿಡಿದಿದ್ದಾನೆ, ಸದ್ದು ಬಂತು, ಹೆಗಲಿಗೆ ಗುದ್ದಿದ ಹಾಗೆ ಬಂತು, ದೂರದಲ್ಲಿ ಗುರಿಹಲಗೆ ಕೆಳಗಿಳಿಯಿತು, ಮೇಲೆ ಬಂತು, ಗುಂಡು ಬಿದ್ದ ಜಾಗ ತೋರಿಸುವ ಕಿತ್ತಳೆ ಬಿಲ್ಲೆ ಎಡಕ್ಕೆ, ಗೆರೆ ಮುಟ್ಟಿದೆ, ಒಂಬತ್ತು, ಅಬ್ಬಾ, ಒಂಬತ್ತು, ಹೋದ ಜೀವ ಬಂದಂತಾಗಿ ಬೆವರು ಒರೆಸಲು ಎಡಜೇಬಿಗೆ ಕೈ ಹಾಕಿದರೆ ಬೆರಳಿಗೆ ಸಿಕ್ಕಿದ್ದು ಕರವಸ್ತ್ರವಲ್ಲ, ಚಿಕ್ಕ ಬಟ್ಟೆಯ ಚೂರು, ಎಣ್ಣೆ ವಾಸನೆ, ಮಸಿ, ಅವಳ ರೈಫಲ್ಲಿನ ನಳಿಗೆ ಒರೆಸಿದ್ದು. ಯಾವಾಗ ಒರೆಸಿದೆ, ಈ ಕೋಟು ಹಾಕಿಕೊಂಡು ಕ್ಲಬ್ಬಿಗೆ ಹೋದದ್ದು ಶನಿವಾರವೊಂದೇ, ಪರೀಕ್ಷೆಯ ದಿನ — ಕ್ಲಬ್ಬಿನ ಬೆಂಚಿನ ಮೇಲೆ ನಳಿಗೆಯನ್ನು ಕನ್ನಡಿ ಮಾಡಿ ತೊಳೆದಿದ್ದ, ತೊಳೆದ ಮೇಲೆ ನಾಲ್ಕು ಗುಂಡು ಸುಮ್ಮನೆ ಹೊಡೆದು ನಳಿಗೆಗೆ ಮಸಿ ಹಿಡಿಸಬೇಕು, ಅಲ್ಲಿಯವರೆಗೆ ಗುಂಡು ಹೋದಲ್ಲಿಗೆ ಹೋಗುತ್ತದೆ, ಇದು ಹೊಸದಾಗಿ ಸೇರಿದವರಿಗೂ ಮೊದಲ ದಿನವೇ ಹೇಳಿಕೊಡುವ ಮಾತು, ಆ ನಾಲ್ಕನ್ನು ಹೊಡೆಯಲು ಎತ್ತಿಕೊಂಡದ್ದು ನೆನಪಿದೆ, ಆಗ ಫೋನು, ಹೆಂಡತಿ, ರೀ ಗ್ಯಾಸ್ ಖಾಲಿ, ಬರ್ತಾ ಏನಾದ್ರೂ ಕಟ್ಟಿಸ್ಕೊಂಡು ಬನ್ನಿ, ಹೂಂ ಹೂಂ ಎಂದು ಫೋನಿಟ್ಟು ಸೀದಾ ಹಾಳೆಗೆ ಐದು ಹೊಡೆದ, ಯಾವುದು, ಮೊದಲು ಯಾವುದು ಹೊಡೆದೆ, ದೋಣಿಬಾಲ. ತೊಳೆದ ನಳಿಗೆಯಲ್ಲಿ ದೋಣಿಬಾಲ, ಅದು ಚೆಲ್ಲಾಡುತ್ತಾ ನಳಿಗೆಗೆ ಮಸಿ ಹಿಡಿಸಿಕೊಟ್ಟಿತು, ಹದವಾದ ನಳಿಗೆಯಲ್ಲಿ ಆಮೇಲೆ ಚಪ್ಪಟೆ ಬುಡ, ಥೂ, ತಲೆ ಎಲ್ಲಿಟ್ಟಿದ್ದೆಯೋ ಮುದುಕಾ, ಗುಂಡಿನ ತಪ್ಪೇ ಅಲ್ಲ, ಹಾಳೆ ಸುಳ್ಳು ಹೇಳಲಿಲ್ಲ, ನೀನು ಹೇಳಿದೆ, ಅದೇ ಹಾಳೆಯನ್ನು ಅವಳ ಮುಖಕ್ಕೆ ಹಿಡಿದೆ.

ಕೂಗಲೇ, ಕೂಗಿದರೆ ಹತ್ತೊಂಬತ್ತೂ ಹೋಗುತ್ತದೆ, ಕೂಗಿ ತಾನೇ ಏನು, ಡಬ್ಬಿ ಎಸೆಯಲೇ, ಗುರಿಕಣ್ಣು ಕೂರಿಸಿರುವುದು ಚಪ್ಪಟೆ ಬುಡಕ್ಕೆ, ಒಂದೇ ಒಂದು ದೋಣಿಬಾಲ ಈಗ ಹೊಡೆದರೆ ಎಲ್ಲಿಗೆ ಹೋಗುತ್ತದೆಂದು ಯಾರಿಗೆ ಗೊತ್ತು, ಕಾಲುಗಳೆರಡೂ ಹಗ್ಗಕ್ಕೆ ಒತ್ತಿಕೊಂಡಿವೆ, ರೇಂಜಿನ ಅಧಿಕಾರಿ ತಿರುಗಿ ನೋಡಿ, ಹಿಂದೆ ಸರೀರಿ ಸ್ವಾಮಿ, ಅವನು ಹಿಂದೆ ಸರಿದ, ಸರಿಯುವುದಲ್ಲದೆ ಇನ್ನೇನು ಮಾಡಬಲ್ಲ, ಹದಿನೆಂಟರ ಹುಡುಗಿಯ ಕೈಗೆ ಮೊದಲ ರೈಫಲ್ ಕೊಟ್ಟಾಗ, ಹೆದರಬೇಡ, ನಾನಿದ್ದೀನಿ ಎಂದಿದ್ದ, ಇದ್ದಾನೆ, ಇಲ್ಲೇ ಹತ್ತು ಹೆಜ್ಜೆ ಹಿಂದೆ, ಇದ್ದೂ ಸತ್ತವನ ಹಾಗೆ. ಅವಳ ಬೆನ್ನು ಉಸಿರಿಗೆ ಏರಿ ಇಳಿದು ನಿಂತಿತು, ಕಾಯಿ, ಬಾವುಟ ಇಳಿಯಲಿ, ಇಳಿಯುತ್ತಿದೆ, ಈಗ, ಈಗಲೇ — ಸದ್ದು ಬಂತು, ಅದರ ಹಿಂದೆಯೇ ಬಾವುಟ ಹಲಗೆಯ ಹಾಗೆ ನೆಟ್ಟಗೆ ನಿಂತಿತು. ಗುರಿಹಲಗೆ ಇಳಿಯಿತು, ಮೇಲೆ ಬಂತು. ದುರ್ಬೀನಿಗೆ ಕಣ್ಣಿಟ್ಟ, ಕಣ್ಣಲ್ಲಿ ನೀರು, ಒರೆಸಿದ, ಮತ್ತೆ ಇಟ್ಟ, ಕಿತ್ತಳೆ ಬಿಲ್ಲೆ ಎಡಕ್ಕೆ, ಒಂಬತ್ತರ ಗೆರೆಯಿಂದ ಆಚೆ, ಎರಡು ಬೆರಳಾಚೆ, ಎಂಟು. ಬ್ಯಾಂಕಿನವಳ ಕಡೆಯವರು ಚಪ್ಪಾಳೆ ತಟ್ಟುತ್ತಿದ್ದಾರೆ, ಗುಬ್ಬಿ ಎದ್ದು ಮೊಣಕೈ ಧೂಳು ಕೊಡವಿಕೊಂಡು ಹಗ್ಗದ ಕಡೆ ಬರುತ್ತಿದ್ದಾಳೆ, ನಗುತ್ತಿದ್ದಾಳೆ, ಅಳು ಬಾರದಿರಲೆಂದು ನಗುವ ನಗು, ಹೇಳಿಬಿಡು, ಈಗ ಹಗ್ಗವೂ ಇಲ್ಲ ನಿಯಮವೂ ಇಲ್ಲ, ಹೇಳಿಬಿಡು, ಅವನು ಬಾಯಿ ತೆರೆದ, ಅಷ್ಟರಲ್ಲಿ ಅವಳೇ, ಬೇಜಾರು ಮಾಡ್ಕೋಬೇಡ ಅಣ್ಣ, ಗುಂಡು ನೀನು ಹೇಳಿದ್ದೇ ಸರಿ, ಗಾಳಿ ನೋಡೋದ್ರಲ್ಲಿ ನಾನೇ ಎಡವಿದೆ, ಎಂದು ಅವನ ತೋಳಿಗೆ ಹಣೆ ಒತ್ತಿದಳು. ಬಲಜೇಬಿನ ಡಬ್ಬಿ ಅವರಿಬ್ಬರ ನಡುವೆ ಸಿಕ್ಕಿ ಅವನ ಪಕ್ಕೆಗೆ ಚುಚ್ಚುತ್ತಿದೆ, ಎಡಗೈಯಲ್ಲಿ ಮಸಿಬಟ್ಟೆ, ಗುಬ್ಬಿ ಎಂದ, ಏನಣ್ಣ ಎಂದಳು, ಏನಿಲ್ಲ ಎಂದ, ಏನಿಲ್ಲ — ಮೇಜು ನಡುಗುತ್ತದೆ, ದೋಣಿಬಾಲ ಬೀಳುತ್ತದೆ, ಅರ್ಧ ಸುತ್ತು ಉರುಳಿ ಉಪ್ಪಿನ ಡಬ್ಬಿಗೆ ಟಿಣ್ಣೆಂದು ತಾಗುತ್ತದೆ, ಅವಳು ನಗುತ್ತಾ ಬೆರಳ ತುದಿಯಿಂದ ಎತ್ತಿ ನಿಲ್ಲಿಸುತ್ತಾಳೆ, ಬೀಳುತ್ತದೆ, ಉರುಳುತ್ತದೆ, ಟಿಣ್, ಅವಳು ಎತ್ತಿ ನಿಲ್ಲಿಸುತ್ತಾಳೆ