ಡೆಂಟಿಂಗ್ ಮಾವನ ಕಿವಿ

ಗುದ್ದಿಸಿಕೊಂಡು ಬಂದ ಕಾರು, ಜೀಪುಗಳ ತಗಡನ್ನು ಬಡಿದು ನೆಟ್ಟಗೆ ಮಾಡುವುದು ಅವರ ಕಸುಬು. ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ, ಸೌದೆ ಡಿಪೋದ ಪಕ್ಕದಲ್ಲಿ ಅವರ ಶೆಡ್ಡು. ಮೀಸೆ ಚಿಗುರುವಾಗ ಹಿಡಿದ ಸುತ್ತಿಗೆಯನ್ನು ಅರವತ್ತು ದಾಟಿದರೂ ಕೆಳಗಿಟ್ಟಿರಲಿಲ್ಲ. ಸಂಬಂಧ ಇದ್ದವರೂ ಇಲ್ಲದವರೂ ಅವರನ್ನು ಕರೆಯುತ್ತಿದ್ದುದು ಡೆಂಟಿಂಗ್ ಮಾವ ಎಂದೇ.

ರಜೆಯ ದಿನ ಬಂತೆಂದರೆ ಮಾವನ ಲೋಕವೇ ಬೇರೆ. ಊರಿನ ಒಂದಷ್ಟು ಜೀಪಿನವರು ಸೇರಿ ಗುಡ್ಡಗಾಡಿನ ಕಚ್ಚಾ ಹಾದಿಗಳಲ್ಲಿ ಸುತ್ತಾಡುವ ಗುಂಪೊಂದನ್ನು ಕಟ್ಟಿಕೊಂಡಿದ್ದರು. ಅಲ್ಲೆಲ್ಲ ಮೊಬೈಲಿಗೆ ಸಿಗ್ನಲ್ ಇಲ್ಲ. ಹಾಗಾಗಿ ಪ್ರತಿ ಜೀಪಿನಲ್ಲೂ ಒಂದು ವಾಕಿಟಾಕಿ. ಆದರೆ ನಡುವೆ ಒಂದು ದಿಣ್ಣೆ ಅಡ್ಡ ಬಂದರೆ ಸಾಕು, ವಾಕಿಟಾಕಿ ಮೂಕವಾಗುತ್ತದೆ. ಅದಕ್ಕೆಂದೇ ದೊಡ್ಡ ಗುಡ್ಡದ ನೆತ್ತಿಯಲ್ಲಿ ಪರವಾನಗಿ ಪಡೆದು ಒಂದು ರಿಪೀಟರ್ ಇಟ್ಟಿದ್ದರು. ಕೆಳಗಿನಿಂದ ಬಂದ ಮಾತನ್ನು ಹಿಡಿದು, ಆ ಕ್ಷಣವೇ ಇನ್ನೂ ಜೋರಾಗಿ ಸುತ್ತಲಿನವರಿಗೆಲ್ಲ ಸಾರುವ ಪೆಟ್ಟಿಗೆ ಅದು. ಅದಕ್ಕೆ ತಗಡಿನ ಗೂಡು ಮಾಡಿದವರು ಮಾವ. ಬ್ಯಾಟರಿಯನ್ನು ಹೆಗಲ ಮೇಲೆ ಹೊತ್ತು ಏರಿಸಿದವರೂ, ಆಂಟೆನಾ ಕಂಬವನ್ನು ತಂತಿ ಬಿಗಿದು ನಿಲ್ಲಿಸಿದವರೂ ಅವರೇ. ಹೊಸಬರು ಗುಂಪಿಗೆ ಸೇರಿದರೆ ಗುಂಡಿ ಹೇಗೆ ಒತ್ತಬೇಕು, ಯಾವಾಗ ಬಿಡಬೇಕು ಎಂದು ಪಾಠ ಹೇಳುತ್ತಿದ್ದವರೂ ಅವರೇ. ಸ್ವಂತ ಜೀಪಿಲ್ಲದಿದ್ದರೂ ಗುಂಪಿನಲ್ಲಿ ಅವರ ಮಾತಿಗೆ ತೂಕವಿತ್ತು.

ಗುಡ್ಡದ ಹಿಂಬದಿಯ ಕೊರಕಲು ಮಾತ್ರ ಆ ರಿಪೀಟರಿಗೂ ನಿಲುಕುತ್ತಿರಲಿಲ್ಲ. ಅತ್ತ ಹೋಗುವ ದಿನ ಮಾವ ನಡುವಿನ ದಿಣ್ಣೆಯ ಮೇಲೆ ಎರಡು ವಾಕಿಟಾಕಿ ಇಟ್ಟುಕೊಂಡು ಕೂರುತ್ತಿದ್ದರು. ಒಂದರಲ್ಲಿ ಕೊರಕಲಿನವರ ಮಾತು ಕೇಳಿಸಿಕೊಂಡು, ಇನ್ನೊಂದರಲ್ಲಿ ಈ ಕಡೆಯವರಿಗೆ ದಾಟಿಸುವುದು ಅವರ ಕೆಲಸ.

ಅಂಥ ಕೆಲಸಕ್ಕೆ ಕೂರುವ ಮನುಷ್ಯನ ಕಿವಿ ಮಂದವಾಗಿತ್ತು. ಎಷ್ಟೋ ವರ್ಷ ತಗಡು ಬಡಿದ ಸದ್ದು ಒಳಗೇನನ್ನೋ ತಿಂದುಹಾಕಿತ್ತು. ದನಿ ಕೇಳುತ್ತಿತ್ತು, ಆದರೆ ಅಕ್ಷರಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದವು. ಅದರಲ್ಲೂ ಹೆಂಗಸರ ದನಿ. ಮನೆಯಲ್ಲಿ ಟೀವಿಯ ಸದ್ದು ಏರುತ್ತಲೇ ಇತ್ತು. "ರೀ, ಒಂದು ಸಲ ಕಿವಿ ತೋರಿಸ್ಕೊಂಡು ಬನ್ನಿ" ಎಂದು ಹೆಂಡತಿ ಹೇಳಿ ಹೇಳಿ ಸುಸ್ತಾಗಿದ್ದರು. "ನಿನ್ನ ಗೊಣಗಾಟ ಕೇಳ್ಸದೇ ಇದ್ರೆ ಒಳ್ಳೇದೇ ಅಲ್ವಾ" ಎಂದು ಮಾವ ನಗೆಯಲ್ಲಿ ತೇಲಿಸಿಬಿಡುತ್ತಿದ್ದರು.

ಹೊರಗೆ ಯಾರಿಗೂ ಗೊತ್ತಾಗದಂತೆ ನಿಭಾಯಿಸುವುದನ್ನು ಅವರು ಕಲಿತಿದ್ದರು. ಎದುರಿಗಿರುವವರ ತುಟಿ ನೋಡುವುದು, ಎಲ್ಲರೂ ನಕ್ಕಾಗ ತಾವೂ ನಗುವುದು, ತಿಳಿಯದಿದ್ದರೆ "ಸರಿ ಸರಿ" ಎನ್ನುವುದು. ವಾಕಿಟಾಕಿಯಲ್ಲಿ ತುಟಿ ಕಾಣುವುದಿಲ್ಲವಲ್ಲ, ಅದಕ್ಕೆ ಒಂದು ನಿಯಮವನ್ನೇ ಮಾಡಿಟ್ಟಿದ್ದರು. ಯಾವ ಮಾತನ್ನೇ ಆಗಲಿ ಎರಡು ಸಲ ಹೇಳಬೇಕು. ಅದು ಶಿಸ್ತು ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಆ ದಿನ ಬೆಳಗ್ಗೆ ಗುಂಪು ಹಿಂಬದಿಯ ಕೊರಕಲಿಗೆ ಹೊರಟಿತು. ಮುಂದಿನ ಜೀಪು ಗುಂಪಿನ ಮುಖ್ಯಸ್ಥ ಟೈರ್ ಅಂಗಡಿಯವನದು. ಅವನ ಹಿಂದೆ, ಹೊಸದಾಗಿ ಸೇರಿದ್ದ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ. ಮೂರನೆಯವನು ಮಾವನ ಷಡ್ಡಕ, ಅಂದರೆ ಅವರ ನಾದಿನಿಯ ಗಂಡ. ಫೋಟೊ ಸ್ಟುಡಿಯೋ ಇಟ್ಟುಕೊಂಡಿದ್ದ ಅವನು ಬಾಯಿ ತೆರೆದರೆ ತಮಾಷೆ. ಉಳಿದವರು ಹಿಂದೆ.

ಹಾದಿ ಈ ಕಡೆಯಿಂದ ಕಡಿದಾಗಿ ಏರಿ, ಒಂದು ತಿರುವು ದಾಟಿ ಕೊರಕಲಿಗೆ ಇಳಿಯುತ್ತಿತ್ತು. ಒಂದು ಸಲಕ್ಕೆ ಒಂದೇ ಜೀಪು ಹತ್ತಬೇಕು. ದಾಟಿದವರು ಆ ಕಡೆಯಿಂದ ಹೇಳಿದ ಮೇಲೆ ಮುಂದಿನವರು. ಮಾವ ದಿಣ್ಣೆಯ ಮೇಲಿನ ಬಂಡೆಗೆ ಒರಗಿ ಕೂತಿದ್ದರು. ಅಲ್ಲಿಂದ ಅವರಿಗೆ ಏರೂ ಕಾಣುತ್ತಿರಲಿಲ್ಲ, ತಿರುವೂ ಕಾಣುತ್ತಿರಲಿಲ್ಲ.

ಗಾಳಿ ಜೋರಾಗಿತ್ತು. ಟೈರ್ ಅಂಗಡಿಯವನು ದಾಟುವಷ್ಟರಲ್ಲೇ ಮಾವ "ಮತ್ತೆ ಹೇಳಿ" ಎಂದು ಹಲವು ಸಲ ಕೇಳಿದ್ದರು. ಆಗ ಷಡ್ಡಕನ ದನಿ ಬಂತು.

"ಭಾವಾ, ರಿಪೀಟರ್ ಇರೋದು ಗುಡ್ಡದ ಮೇಲಾ, ಇಲ್ಲ ನಾವೇ ರಿಪೀಟರಾ?"

ಅದೊಂದು ಮಾತು ಮಾತ್ರ ಮಾವನಿಗೆ ಸ್ಪಷ್ಟವಾಗಿ ಕೇಳಿಸಿತು. ಹಿಂದೆಯೇ ಒಬ್ಬರಾದ ಮೇಲೆ ಒಬ್ಬರು ಗುಂಡಿ ಒತ್ತಿ ನಕ್ಕದ್ದೂ ಕೇಳಿಸಿತು. ಅವರ ಮುಖ ಬಿಸಿಯಾಯಿತು. "ಗಾಳಿ ಕಣಪ್ಪ ಇಲ್ಲಿ, ಗಾಳಿ" ಎಂದರು.

ಲ್ಯಾಬಿನ ಹುಡುಗಿ ಏರು ಹತ್ತಿ ತಿರುವು ದಾಟಿದಳು. ದಾಟಿ ಇಳಿದು ಹಿಂತಿರುಗಿ ನೋಡಿದರೆ, ಅವಳ ಚಕ್ರ ತುಳಿದ ಜಾಗದಲ್ಲಿ ಹಾದಿಯ ಅಂಚು ಸಡಿಲಗೊಂಡು ಕಲ್ಲುಗಳು ಒಂದೊಂದಾಗಿ ಉರುಳುತ್ತಿದ್ದವು. ಅವಳು ಗುಂಡಿ ಒತ್ತಿ ಹೇಳಿದಳು.

"ಹತ್ಬೇಡಿ, ಕಲ್ಲು ಜಾರ್ತಿದೆ. ಹತ್ಬೇಡಿ."

ಮಾವನ ಕೈಯಲ್ಲಿದ್ದ ವಾಕಿಟಾಕಿಯಿಂದ ಗರಗರ ಸದ್ದಿನ ನಡುವೆ ಒಂದು ತೆಳು ದನಿ ಹೊರಬಿತ್ತು. ಹತ್ಬೇಡಿಯೋ, ಹತ್ಬಿಡಿಯೋ? ನಡುವೆ ಇನ್ನೇನೋ ಹೇಳಿದಳು, ಅದು ತಿಳಿಯಲೇ ಇಲ್ಲ. ಮತ್ತೊಮ್ಮೆ ಕೇಳೋಣ ಎಂದು ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು. ಈಗಷ್ಟೇ ಕೇಳಿದ ನಗು ನೆನಪಾಯಿತು. ದಾಟಿದವರು ಇನ್ನೇನು ಹೇಳುತ್ತಾರೆ, ಹತ್ತಿಬಿಡಿ ಎಂದೇ ಹೇಳಿರುತ್ತಾಳೆ ಎಂದುಕೊಂಡರು. ಆ ವಾಕಿಟಾಕಿ ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡರು.

"ಹತ್ಬಿಡಿ" ಎಂದರು. "ಹತ್ಬಿಡಿ."

ಷಡ್ಡಕ ಹತ್ತಿದ. ಜೀಪಿನ ಸದ್ದು ಕೇಳಿ ಹುಡುಗಿ ಕೈ ಬೀಸುತ್ತ ತಿರುವಿನತ್ತ ಓಡಿ ಬಂದಳು. ಅಷ್ಟರಲ್ಲಿ ಅಂಚು ಕುಸಿಯಿತು. ಜೀಪು ಒಂದು ಮಗ್ಗುಲಿಗೆ ವಾಲಿ, ನಿಧಾನಕ್ಕೆ, ನೋಡುವವರಿಗೆ ತಡೆದುಬಿಡಬಹುದು ಎನಿಸುವಷ್ಟು ನಿಧಾನಕ್ಕೆ ಉರುಳಿ ಕೆಳಗಿನ ಪೊದೆಗೆ ಸಿಕ್ಕಿಕೊಂಡಿತು.

ಮಾವ ದಿಣ್ಣೆ ಇಳಿದು ಏದುಸಿರು ಬಿಡುತ್ತ ಬರುವಷ್ಟರಲ್ಲಿ ಎಲ್ಲರೂ ಸೇರಿ ಷಡ್ಡಕನನ್ನು ಹೊರಗೆ ಎಳೆದಿದ್ದರು. ಜೀವಕ್ಕೆ ಅಪಾಯವಿರಲಿಲ್ಲ. ಆದರೆ ಹೆಗಲ ಮೂಳೆ ಮುರಿದು ಬಲಗೈ ಜೋತುಬಿದ್ದಿತ್ತು. ನೋವಿಗೆ ಅವನ ಮುಖ ಸುಣ್ಣವಾಗಿತ್ತು.

"ಹತ್ತಿ ಅಂತ ಯಾರ್ರೀ ಹೇಳಿದ್ದು?" ಎಂದ ಟೈರ್ ಅಂಗಡಿಯವನು.

ಎಲ್ಲರೂ ಮಾವನ ಕಡೆ ತಿರುಗಿದರು.

"ಹತ್ಬಿಡಿ ಅಂತಾನೇ ಬಂತು" ಎಂದರು ಮಾವ. "ಎರಡು ಸಲವೂ ಹಾಗೇ ಬಂತು."

"ನಾನು ಬೇಡಿ ಅಂದೆ ಮಾವ" ಎಂದಳು ಹುಡುಗಿ. "ಹತ್ಬೇಡಿ ಅಂದೆ."

"ಅಂದಿರಬಹುದಮ್ಮ. ಗಾಬರೀಲಿ ವಾಕಿಟಾಕಿ ಬಾಯಿಗೆ ಒತ್ತಿ ಹಿಡ್ಕೊಂಡು ಕಿರುಚಿದ್ರೆ ಮಾತು ಒಡೆದು ಬರುತ್ತೆ. ಪಾಠ ಹೇಳುವಾಗಲೇ ಹೇಳಿದ್ನಲ್ಲ?"

ಅಷ್ಟು ಸುಲಭವಾಗಿ ಆ ಮಾತು ಬಂದದ್ದು ಹೇಗೆಂದು ಮಾವನಿಗೇ ತಿಳಿಯಲಿಲ್ಲ. ಹೊಸಬರು ಮಾಡುವ ತಪ್ಪು ಅದು, ಎಲ್ಲರಿಗೂ ಗೊತ್ತಿದ್ದದ್ದೇ. ನೆಲದ ಮೇಲೆ ಕೂತಿದ್ದ ಷಡ್ಡಕ ನೋವಿನ ಸಿಟ್ಟನ್ನೆಲ್ಲ ಅವಳ ಮೇಲೆ ಹರಿಸಿದ. "ಮಾತಾಡೋಕೆ ಬರ್ದೇ ಇದ್ರೆ ಯಾಕಮ್ಮ ಬರ್ತೀಯ ಇಲ್ಲಿಗೆ? ನನ್ನ ಜೀವ ತೆಗೀತಿದ್ದೆ!" ಹುಡುಗಿ ತಲೆ ತಗ್ಗಿಸಿ "ಕ್ಷಮಿಸಿ" ಎಂದಳು. ಮಾವ ಪಕ್ಕದಲ್ಲೇ ನಿಂತಿದ್ದರು.

ಮಾವ ಮನೆಗೆ ಬರುವಷ್ಟರಲ್ಲಿ ಸುದ್ದಿ ನಾದಿನಿಯಿಂದ ಹೆಂಡತಿಗೆ ತಲುಪಿತ್ತು. ಅವರು ತಟ್ಟೆ ಇಟ್ಟು, ಎದುರು ಕೂತು, ಗಂಡನ ಮುಖವನ್ನೇ ನೋಡಿದರು.

"ಆ ಹುಡುಗಿ ಹೇಳಿದ್ದು ನಿಮಗೆ ಕೇಳಿಸ್ತಾ?"

"ಕೇಳಿಸ್ತು ಕಣೇ."

ಹೆಂಡತಿ ಎದ್ದು ಹೋಗಿ ಟೀವಿ ಆರಿಸಿದರು. ಮಾವ ತಟ್ಟೆ ಸರಿಸಿ ಎದ್ದರು. ಆಸ್ಪತ್ರೆಗೆ ಹೋಗಿ ಷಡ್ಡಕನನ್ನು ನೋಡಿ ಬಂದರು. ಅಲ್ಲಿಯೂ ಅವನು ಹುಡುಗಿಯನ್ನೇ ಬೈಯುತ್ತಿದ್ದ, ಇವರು ತಲೆಯಾಡಿಸಿ ಬಂದರು. ಶೆಡ್ಡಿನಲ್ಲಿ ಷಡ್ಡಕನ ಜೀಪನ್ನು ತಾವೇ ಬಡಿದು ನೆಟ್ಟಗೆ ಮಾಡತೊಡಗಿದರು. ಅದರ ಬಾಗಿಲ ಮುಂದೆ ಕುಕ್ಕರುಗಾಲಿನಲ್ಲಿ ಕೂತಾಗಲೆಲ್ಲ ಸುತ್ತಿಗೆ ಎತ್ತಲು ಕೈ ಬರುತ್ತಿರಲಿಲ್ಲ.

ಮುಂದಿನ ವಾರ ಕೆಲಸ ಮುಗಿಸಿ ಹೋಗುವ ದಾರಿಯಲ್ಲಿ ಲ್ಯಾಬಿನ ಹುಡುಗಿ ಶೆಡ್ಡಿಗೆ ಬಂದಳು. ಕೈಯಲ್ಲಿ ಎರಡು ವಾಕಿಟಾಕಿ. ಅವಳನ್ನು ಕಂಡು ಮಾವ ಎದ್ದು ನಿಂತರು.

"ಮಾವ, ನಂಗೆ ಸರಿಯಾಗಿ ಮಾತಾಡೋದು ಕಲಿಸಿ" ಎಂದಳು. "ನೀವು ಅಂಗಳದ ಆ ತುದೀಲಿ ನಿಂತ್ಕೊಳ್ಳಿ. ನಾನು ಹತ್ರ ಹಿಡಿದು, ದೂರ ಹಿಡಿದು, ಬೇರೆ ಬೇರೆ ಥರ ಹೇಳ್ತೀನಿ. ಬೇಡಿ ಅಂತ ಕೇಳಿಸಿದ್ರೆ ಕೈ ಎತ್ತಿ. ಬಿಡಿ ಅಂದ್ರೆ ಸುಮ್ನಿರಿ. ಎಲ್ಲಿ ತಪ್ಪಾಗ್ತಿದೆ ಅಂತ ನಂಗೆ ಗೊತ್ತಾಗಬೇಕು."

ಆಗುವುದಿಲ್ಲ ಎನ್ನಲು ಮಾವನಿಗೆ ಒಂದು ನೆಪವೂ ಹೊಳೆಯಲಿಲ್ಲ. ಹೋಗಿ ಗೋಡೆಯ ಬಳಿ ನಿಂತರು. ತುಟಿಯಾದರೂ ಕಾಣಬಹುದು ಎಂದುಕೊಂಡಿದ್ದರೆ, ದನಿ ನೇರವಾಗಿ ಕೇಳಬಾರದೆಂದು ಅವಳು ಅತ್ತ ತಿರುಗಿ ನಿಂತಳು.

ಮಾವ ಕಿವಿಗೆ ವಾಕಿಟಾಕಿ ಒತ್ತಿ ಹಿಡಿದರು. ಒಮ್ಮೆ ಕೈ ಎತ್ತಿದರು, ಒಮ್ಮೆ ಇಳಿಸಿದರು. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆಯುವವನ ಹಾಗೆ ಅವಳ ಬೆನ್ನನ್ನು, ಹೆಗಲನ್ನು ನೋಡಿ ಊಹಿಸಲು ಹೊರಟರು. ಅವಳು ಆಗಾಗ ತಿರುಗಿ ನೋಡಿ, ಹುಬ್ಬು ಗಂಟಿಕ್ಕಿ, ಮತ್ತೆ ಅತ್ತ ತಿರುಗುತ್ತಿದ್ದಳು. ಆಮೇಲೆ ವಾಕಿಟಾಕಿಗಳನ್ನು ಅದಲು ಬದಲು ಮಾಡಿಕೊಂಡು, ಮಾವನನ್ನು ಗೋಡೆಯತ್ತ ತಿರುಗಿಸಿ ನಿಲ್ಲಿಸಿ, ಅವರ ಬಾಯಲ್ಲಿ ಹೇಳಿಸಿ ನೋಡಿದಳು. ಮಾವ ಹೇಳಿದ್ದು ಅವಳಿಗೆ ಗಂಟೆ ಬಾರಿಸಿದ ಹಾಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕೊನೆಗೆ ಅವಳು ಮೆಲ್ಲಗೆ ನಡೆದು ಬಂದು ಮಾವನ ಬೆನ್ನ ಹಿಂದೆ ನಿಂತಳು. ವಾಕಿಟಾಕಿ ಇಲ್ಲದೆಯೇ, ಮನೆಯೊಳಗೆ ಮಾತಾಡುವಷ್ಟು ದನಿಯಲ್ಲಿ ಕರೆದಳು.

"ಮಾವ."

ಮತ್ತೆ ಕರೆದಳು. ಮಾವ ಗೋಡೆ ನೋಡುತ್ತ ವಾಕಿಟಾಕಿಗೆ ಕಿವಿಗೊಟ್ಟು ನಿಂತೇ ಇದ್ದರು. ನೆಲದ ಮೇಲೆ ಅವಳ ನೆರಳು ಕಂಡು ತಿರುಗಿದಾಗ ಅವಳ ಮುಖ ಬದಲಾಗಿತ್ತು. ಅವಳೇನೋ ಕೇಳಿದಳು.

"ಏನಂದೆ?"

"ಎಷ್ಟು ದಿನದಿಂದ ಅಂದೆ" ಎಂದಳು ಜೋರಾಗಿ. ಸೌದೆ ಡಿಪೋದವರು ಇತ್ತ ನೋಡಿದರು.

ಮಾವ ಪಕ್ಕದಲ್ಲಿದ್ದ ಹಳೆಯ ಸೀಟಿನ ಮೇಲೆ ಕುಸಿದು ಕೂತರು. "ಬಹಳ ದಿನ ಆಯ್ತಮ್ಮ" ಎಂದರು. ಇನ್ನೊಂದು ಮಾತನ್ನೂ ಹೇಳಲೇಬೇಕಿತ್ತು. "ಅವತ್ತು ನಂಗೆ ಅನುಮಾನ ಬಂದಿತ್ತು. ಮತ್ತೆ ಕೇಳಬೇಕಿತ್ತು. ಎಲ್ಲಾರೂ ನಗ್ತಾರೆ ಅಂತ ಕೇಳ್ಲಿಲ್ಲ."

ಹುಡುಗಿ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

"ಇಡೀ ವಾರ ಬಚ್ಚಲುಮನೇಲಿ ನಿಂತು ಬೇಡಿ ಬೇಡಿ ಅಂತ ಹೇಳ್ಕೊಳ್ತಿದ್ದೆ ಮಾವ" ಎಂದಳು. "ನಮ್ಮಮ್ಮ ನಂಗೆ ತಲೆ ಕೆಟ್ಟಿದೆ ಅಂದ್ಕೊಂಡಿದಾರೆ. ಒಬ್ಬರ ಮೂಳೆ ಮುರಿದೆ ಅಂತ ನಂಗೆ ನಿದ್ದೆ ಇಲ್ಲ."

ವಾಕಿಟಾಕಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಯಾರಿಗಾದರೂ ಹೇಳುತ್ತೇನೆ ಎನ್ನಲೂ ಇಲ್ಲ, ನೀವೇ ಹೇಳಿ ಎನ್ನಲೂ ಇಲ್ಲ.

ಮಾವ ಕೈಯ ಕೊಳೆಯನ್ನೂ ತೊಳೆಯದೆ ನೇರವಾಗಿ ಷಡ್ಡಕನ ಸ್ಟುಡಿಯೋಗೆ ಹೋದರು. ಅವನು ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು, ಫೋಟೊ ತೆಗೆಯುವ ಸ್ಟೂಲಿನ ಮೇಲೆ ತಾನೇ ಕೂತು, ಎಡಗೈಯಲ್ಲಿ ಗಿರಾಕಿಗಳ ಫೋಟೊ ಲಕೋಟೆಗಳನ್ನು ಜೋಡಿಸುತ್ತಿದ್ದ. "ಬನ್ನಿ ಭಾವ, ಪಾಸ್‌ಪೋರ್ಟ್ ಸೈಜಾ, ಫುಲ್ ಸೈಜಾ?" ಎಂದ. ಮಾವ ನಿಂತುಕೊಂಡೇ ಎಲ್ಲ ಹೇಳಿದರು. ಕಿವಿಯ ವಿಷಯ, ಅನುಮಾನ ಬಂದದ್ದು, ಕೇಳದೇ ಬಿಟ್ಟದ್ದು.

ಷಡ್ಡಕನ ನಗು ಇಳಿಯಿತು. ಕೈಯಲ್ಲಿದ್ದ ಲಕೋಟೆಯನ್ನು ಕೆಳಗಿಟ್ಟ.

"ನಾನು ಮಾಡಿದ ತಮಾಷೆಗಾ?"

"ನೀನು ಯಾವತ್ತೂ ಮಾಡೋದೇ ಅಲ್ವಾ ಅದು. ನಿನ್ನ ತಪ್ಪಲ್ಲ."

"ಕಿವಿ ಕೇಳ್ಸದೇ ಇರೋದು ತಪ್ಪಲ್ಲ ಭಾವ. ನನ್ನ ಕೈ ಹೋದ್ರೂ ಹೋಗ್ಲಿ, ಮೂಳೆ ಕೂಡುತ್ತೆ. ಆದ್ರೆ ನಾನು ಆ ಹುಡುಗೀನ ಎಲ್ಲಾರ ಮುಂದೆ ಅಷ್ಟು ಬೈದೆ. ನೀವು ಪಕ್ಕದಲ್ಲೇ ನಿಂತಿದ್ರಿ." ಅವನ ದನಿ ಏರಿತು. "ಪಕ್ಕದಲ್ಲೇ!"

ಮಾವನಿಗೆ ಆ ಮಾತಿನ ಒಂದಕ್ಷರವೂ ತಪ್ಪಲಿಲ್ಲ.

ಗುಂಪಿನವರು ಟೈರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿದಾಗ, ಟೈರುಗಳ ರಾಶಿಯ ನಡುವೆ ನಿಂತು ಮಾವ ಅದನ್ನೇ ಇನ್ನೊಮ್ಮೆ ಹೇಳಿದರು. ಹುಡುಗಿಯ ತಪ್ಪು ಏನೂ ಇರಲಿಲ್ಲ, ತಾನು ಸುಳ್ಳು ಹೇಳಿದೆ ಎಂದರು. ಯಾರೂ ಬೈಯಲಿಲ್ಲ. ಟೈರ್ ಅಂಗಡಿಯವನು ಅವರ ಹತ್ತಿರ ಬಂದು, ಮಗುವಿಗೆ ಹೇಳುವಂತೆ ಬಾಯಿ ಅಗಲಿಸಿ, "ಪರವಾಗಿಲ್ಲ ಮಾವಾ! ಕೂತ್ಕೊಳ್ಳಿ!" ಎಂದು ಕೂಗಿದ. ಅಂದಿನಿಂದ ಎಲ್ಲರೂ ಅವರೊಂದಿಗೆ ಹಾಗೆಯೇ ಮಾತಾಡತೊಡಗಿದರು. ಷಡ್ಡಕ ಹುಡುಗಿಯ ಮನೆಗೇ ಹೋಗಿ ಅವಳ ತಾಯಿಯ ಎದುರು ಕ್ಷಮೆ ಕೇಳಿ ಬಂದನೆಂದು ಮಾವನಿಗೆ ಹೆಂಡತಿಯಿಂದ ತಿಳಿಯಿತು.

ದಿಣ್ಣೆಯ ಮೇಲೆ ಕೂರುವ ಕೆಲಸ ಈಗ ಹುಡುಗಿಯದಾಯಿತು. ಬೇಡಿ, ಬಿಡಿ ಎರಡನ್ನೂ ಅವಳು ತೆಗೆಸಿಹಾಕಿದಳು. ಇನ್ನು ಮೇಲೆ "ನಿಲ್ಲಿ", "ಬನ್ನಿ" ಅಷ್ಟೇ.

ಮಾವ ಹೆಂಡತಿಯ ಜೊತೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಎರಡೂ ಕಿವಿಗೆ ಯಂತ್ರ ಹಾಕಿಸಿಕೊಂಡರು. ಗಾಳಿಮಳೆಯ ಕಾಲ ಮುಗಿದ ಮೇಲೆ ರಿಪೀಟರಿನ ಕಂಬದ ತಂತಿ ಸಡಿಲಾಗಿದೆ ಎಂದು ಸುದ್ದಿ ಬಂತು. ಅದರ ಗಂಟುಗಳು ತಿಳಿದಿದ್ದವರು ಮಾವ ಒಬ್ಬರೇ. ಅವರ ಜೊತೆ ಗುಡ್ಡ ಹತ್ತಲು ಹುಡುಗಿ ಬಂದಳು. ದಾರಿಯುದ್ದಕ್ಕೂ ಎಷ್ಟು ಬೇಕೋ ಅಷ್ಟೇ ಮಾತು. ಕಂಬದ ಬುಡದಲ್ಲಿ ಕೂತು ಅವಳು ಬೋಲ್ಟು ಬಿಚ್ಚುತ್ತಿದ್ದಾಗ ಮಾವ ತಡೆಯಲಾರದೆ ಕೇಳಿದರು.

"ನನ್ನ ಮೇಲೆ ಇನ್ನೂ ಸಿಟ್ಟಿದೆಯೇನಮ್ಮ?"

ಅವಳು ತಲೆ ಎತ್ತಲಿಲ್ಲ.

"ಇದೆ ಮಾವ" ಎಂದಳು. "ಆ ದೊಡ್ಡ ಪಾನಾ ಕೊಡಿ."

ಮಾವ ಪಾನಾ ಕೊಟ್ಟು, ಕಂಬ ಅಲುಗದಂತೆ ಎರಡೂ ಕೈಯಿಂದ ಹಿಡಿದುಕೊಂಡು ನಿಂತರು.