ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ

ಚಳಿ ಹಿಂದೆ ಸರಿದು ಬಿಸಿಲು ಚುರುಗುಟ್ಟತೊಡಗಿತ್ತು. ಊರಿನ ಸುತ್ತ ಆಲೂಗಡ್ಡೆ ಕೀಳುವ ಕೆಲಸ ಭರದಿಂದ ನಡೆದಿತ್ತು. ಮಣ್ಣು ಮೆತ್ತಿದ ಚೀಲಗಳನ್ನು ಹೇರಿಕೊಂಡ ಗಾಡಿಗಳು ಪೇಟೆ ಬೀದಿಯುದ್ದಕ್ಕೂ ನಿಂತಿದ್ದವು. ಅವುಗಳ ಸಂದಿಯಲ್ಲಿ ನುಸುಳಿಕೊಂಡು ಸೌಂಡಣ್ಣ ಸ್ಪೀಕರುಗಳನ್ನು ಒಂದೊಂದಾಗಿ ಹೆಗಲ ಮೇಲೆ ಹೊತ್ತು ಬೀಜದಂಗಡಿಯ ಮಹಡಿಗೆ ಏರಿಸುತ್ತಿದ್ದ. ಮಹಡಿಯ ತುಂಬ ವಾರವೆಲ್ಲ ಬೀಜದ ಮೂಟೆಗಳು. ಶನಿವಾರ ಮಧ್ಯಾಹ್ನ ಅವನ್ನು ಗೋಡೆಗೆ ಒತ್ತರಿಸಿ, ಧೂಳು ಗುಡಿಸಿ, ಕುರ್ಚಿ ಹಾಕಿದರೆ ಸಂಜೆಯ ಕರೋಕೆಗೆ ಜಾಗವಾಯಿತು.

ಉಳಿದ ದಿನಗಳಲ್ಲಿ ಸೌಂಡಣ್ಣ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವವನು. ಕರೋಕೆ ಅವನ ಹುಚ್ಚು. ಹಾಡಿದವರ ದನಿಯನ್ನು ತೆಗೆದು ವಾದ್ಯಗಳನ್ನಷ್ಟೇ ಉಳಿಸಿದ ಹಾಡುಗಳು ಅವನ ಹತ್ತಿರ ರಾಶಿ ಇದ್ದವು. ಹಾಡಬೇಕೆನ್ನುವವರು ಚೀಟಿ ಕೊಡಬೇಕು. ಕರೆದಾಗ ಮುಂದೆ ಬಂದು, ಟಿ.ವಿ.ಯ ಮೇಲೆ ಓಡುವ ಸಾಲುಗಳನ್ನು ನೋಡಿಕೊಂಡು ಹಾಡಬೇಕು. ಲಾರಿ ಡ್ರೈವರು, ಔಷಧಿ ಅಂಗಡಿಯಾಕೆ, ಶಾಲೆಯ ಮೇಷ್ಟ್ರು ಎಲ್ಲರೂ ಬರುತ್ತಿದ್ದರು. ಹಾಡು ಅವನಿಗೆ ತಲೆನೋವಾಗಿರಲಿಲ್ಲ. ತಲೆನೋವೆಲ್ಲ ಒಬ್ಬರು ಮೈಕು ಇಟ್ಟು ಹೋಗಿ ಇನ್ನೊಬ್ಬರು ಬಂದು ಎತ್ತಿಕೊಳ್ಳುವ ತನಕದ ಆ ಸ್ವಲ್ಪ ಹೊತ್ತಿನದು. ಆಗ ಏನು ಹಾಕಬೇಕು? ಗೊತ್ತಿರುವ ಹಾಡು ಹಾಕಿದರೆ ಕುಳಿತವರೆಲ್ಲ ಅದನ್ನೇ ಗುನುಗಲು ಶುರುಮಾಡಿ, ಬಂದವನು ತನ್ನ ಹಾಡಿನ ಎತ್ತುಗಡೆಯನ್ನೇ ಮರೆಯುತ್ತಿದ್ದ. ಏನನ್ನೂ ಹಾಕದಿದ್ದರೆ ಆ ಮೌನದಲ್ಲಿ ಕುರ್ಚಿ ಕಿರುಗುಟ್ಟಿದ್ದೂ ಕೇಳಿಸಿ, ಅಂಜುವವರು ಅಂಜಿಯೇ ಹೋಗುತ್ತಿದ್ದರು.

ಹಾಗೆ ಅಂಜುವವರಲ್ಲಿ ಮೊದಲನೆಯವಳು ಅವನ ಸ್ವಂತ ಅಕ್ಕ.

ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ತಾಯಿ ಇಲ್ಲದ ಮನೆಯಲ್ಲಿ ಅವನನ್ನು ಬೆಳೆಸಿದವಳು ಅವಳೇ. ಹಿಂದಿನ ತಿಂಗಳು ಅವಳ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. "ಗಂಟು ದನಿಯ ನರಕ್ಕೆ ಅಂಟಿಕೊಂಡಿದೆ. ತೆಗೀಲೇಬೇಕು. ಆಮೇಲೆ ಮಾತಿಗೆ ತೊಂದರೆ ಆಗಲಿಕ್ಕಿಲ್ಲ, ಆದರೆ ಹಾಡಿನ ವಿಷಯ ನಾನು ಹೇಳಲಾರೆ" ಎಂದಿದ್ದರು ಡಾಕ್ಟರು. ಆಸ್ಪತ್ರೆಯಿಂದ ಬಂದ ಅಕ್ಕ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಹಾಗಾದ್ರೆ ಒಂದ್ಸಲ ನಾಲ್ಕು ಜನರ ಮುಂದೆ ಹಾಡಿಬಿಡ್ತೀನಿ ಕಣೋ" ಎಂದಿದ್ದಳು. ಮಾರನೆಯ ಶನಿವಾರವೇ ಚೀಟಿ ಕೊಟ್ಟಳು. ಕರೆದಾಗ ಎದ್ದು, ಅರ್ಧ ದಾರಿ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು ಹಿಂದಿರುಗಿದಳು. ಅದರ ಮುಂದಿನ ವಾರವೂ ಅಷ್ಟೇ.

ಈ ಶನಿವಾರ ಸೌಂಡಣ್ಣ ತಯಾರಾಗಿ ಬಂದಿದ್ದ. ಇಂಟರ್‌ನೆಟ್ಟಿನಲ್ಲಿ ಹುಡುಕಿ ಹುಡುಕಿ, ಯಾರಿಗೂ ಗೊತ್ತಿರದ, ಮಾತಿಲ್ಲದ, ತಣ್ಣಗಿನ ಸಂಗೀತವೊಂದನ್ನು ಹಿಡಿದಿದ್ದ. ಮೇಷ್ಟ್ರ ಹಾಡು ಮುಗಿಯಿತು. ಬೀಜದಂಗಡಿ ಯಜಮಾನರು ಚೀಟಿ ಓದಿ ಅಕ್ಕನನ್ನು ಕರೆದರು. ಅಕ್ಕ ಎದ್ದಳು. ಸಂಗೀತ ತಣ್ಣಗೆ ಹರಿಯುತ್ತಿತ್ತು. ಅವಳು ಮೂಟೆಗಳ ಸಾಲನ್ನು ದಾಟಿದಳು, ಕಿಟಕಿಯನ್ನು ದಾಟಿದಳು. ಅಷ್ಟರಲ್ಲಿ ಸಂಗೀತ ತಟ್ಟನೆ ನಿಂತು ಸ್ಪೀಕರಿನಿಂದ ಗಂಡಸಿನ ದನಿಯೊಂದು ಗುಡುಗಿತು: "ಮಂಡಿ ನೋವೇ? ಎರಡು ಹೆಜ್ಜೆ ಇಡೋದೂ ಕಷ್ಟವೇ?"

ಮಹಡಿಗೆ ಮಹಡಿಯೇ ಬಿದ್ದು ಬಿದ್ದು ನಕ್ಕಿತು. ಅಕ್ಕನಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ತಿರುಗಿ ಹೋಗಿ ತನ್ನ ಕುರ್ಚಿಯಲ್ಲಿ ಕುಳಿತಳು. ಜಾಹೀರಾತನ್ನು ನಿಲ್ಲಿಸಲು ಗುಂಡಿಗಾಗಿ ತಡಕಾಡುತ್ತಿದ್ದ ಸೌಂಡಣ್ಣನಿಗೆ ಮಾತ್ರ ಕಣ್ಣು ತುಂಬಿ ಬಂತು. ಇನ್ನು ಉಳಿದದ್ದು ಬರುವ ಶನಿವಾರ ಒಂದೇ. ಅದು ಕಳೆದರೆ ಆಸ್ಪತ್ರೆ.

ಊಟದ ಹೊತ್ತಿಗೆ ಅಕ್ಕನೇ ಮಾತು ತೆಗೆದಳು. "ಪಾಪ, ಎಷ್ಟು ಕಾಳಜಿ ಅವನಿಗೆ ನನ್ನ ಮಂಡಿ ಮೇಲೆ!"

"ನಗಬೇಡ ಅಕ್ಕ. ಯಾಕೆ ವಾಪಸ್ ಹೋಗ್ತಿ ಹೇಳು. ಜನಕ್ಕೆ ಹೆದರ್ತೀಯಾ?"

"ಜನಕ್ಕಲ್ಲವೋ. ಅವರೆಲ್ಲ ನನ್ನ ಹತ್ರ ಅಳತೆ ಕೊಟ್ಟವರೇ, ಯಾರ ಸೊಂಟ ಎಷ್ಟು ಅಂತ ನಂಗೊತ್ತು. ಆದ್ರೆ ಆ ನಡುವೆ ನಡೀಬೇಕಲ್ಲ, ಆಗ ನಿನ್ನ ಸಂಗೀತ ಬೇರೆ ಯಾರದೋ ಮನೆ ಥರ ಇರುತ್ತೆ. ಬೇರೆಯವರ ಮನೆ ಹಾದು ಹೋಗಿ ಹೆಂಗೆ ಹಾಡೋದು ಹೇಳು."

ಸೌಂಡಣ್ಣ ರಾತ್ರಿಯೆಲ್ಲ ಆ ಮಾತನ್ನೇ ಮೆಲುಕು ಹಾಕಿದ. ಬೆಳಗಾಗುತ್ತಲೇ ಸೈಕಲ್ಲು ಹತ್ತಿ ಪೆಟ್ಟಿಗೆ ಮಾವನ ಹೊಲಕ್ಕೆ ಹೋದ.

ಪೆಟ್ಟಿಗೆ ಮಾವ ಅವರಿಗೆ ಸಂಬಂಧವೇನೂ ಅಲ್ಲ, ಊರಿಗೆಲ್ಲ ಮಾವ. ಹರೆಯದಲ್ಲಿ ನಾಟಕ ಕಂಪನಿಯೊಂದರಲ್ಲಿ ಹಾರ್ಮೋನಿಯಂ ನುಡಿಸುತ್ತ ಊರೂರು ತಿರುಗಿದವನು. ಕಂಪನಿ ಮುಳುಗಿದಾಗ ಸಂಬಳದ ಬದಲು ಕಾಲಿನಿಂದ ತಿದಿ ತುಳಿಯುವ ಆ ದೊಡ್ಡ ಹಾರ್ಮೋನಿಯಂ ಪೆಟ್ಟಿಗೆಯನ್ನೇ ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದ. ಈಗ ಅವನು ಗುದ್ದಲಿ ಹಿಡಿದು ಆಲೂಗಡ್ಡೆಯ ಸಾಲು ಬಿಡಿಸುತ್ತಿದ್ದ. ಸೌಂಡಣ್ಣ ಬದುವಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದ.

"ಪರದೆ ಬಿದ್ದಾಗ ನುಡಿಸೋದು ಅನ್ನು" ಎಂದ ಮಾವ, ತಲೆ ಎತ್ತದೆ. "ಮುಂದಿನ ಸೀನಿಗೆ ಒಳಗೆ ಮಂಚ ಎಳೀತಿರ್ತಾರೆ, ರಾಜ ಮೀಸೆ ಅಂಟಿಸ್ಕೊಳ್ತಿರ್ತಾನೆ. ಅಲ್ಲೀವರೆಗೆ ಜನ ಎದ್ದು ಹೋಗದ ಹಂಗೆ ನೋಡ್ಕೊಳ್ಳೋದು ನನ್ನ ಕೆಲಸ."

"ಅದೇ ಬೇಕು ಮಾವ. ಇವತ್ತೇ ಮೊಬೈಲಲ್ಲಿ ತುಂಬ್ಕೊಂಡು ಹೋಗ್ತೀನಿ."

"ನಾನು ಪೆಟ್ಟಿಗೆ ಮುಂದೆ ಕೂತ್ರೆ ಈ ಸಾಲು ಯಾರು ಕೀಳ್ತಾರೆ? ನೀನು ತಂತಿ ಸುತ್ತಿ ತೆಗೀತೀಯಾ?"

"ಮುಯ್ಯಾಳಾಗಿ ಬರ್ತೀನಿ. ನಿನ್ನ ಒಂದು ದಿನಕ್ಕೆ ನನ್ನ ಒಂದು ದಿನ."

ಆಳಿಗೆ ಆಳು, ದಿನಕ್ಕೆ ದಿನ. ಆ ಹೊಲಗಳಲ್ಲಿ ಎಲ್ಲರೂ ಒಪ್ಪುವ ಲೆಕ್ಕ ಅದು. ಮಾವ ಗುದ್ದಲಿಯನ್ನು ನೆಲಕ್ಕೆ ಊರಿ ಕೈ ಕೊಡವಿಕೊಂಡ.

ಮನೆಯ ಒಳಕೋಣೆಯಲ್ಲಿ ಪೆಟ್ಟಿಗೆಯ ಮೇಲಿಂದ ಹಳೆಯ ಕಂಬಳಿ ಸರಿಯಿತು. ಮಾವ ನುಡಿಸಿದ. ಮಣ್ಣು ಹಿಡಿದ, ಗೆಣ್ಣು ಊದಿದ ಆ ಬೆರಳುಗಳು ಸ್ವರದ ಮನೆಯಿಂದ ಮನೆಗೆ ಹಾರುವುದನ್ನು ನೋಡುತ್ತ ಸೌಂಡಣ್ಣ ಬಾಯಿ ತೆರೆದುಕೊಂಡು ಕುಳಿತುಬಿಟ್ಟ. ಅಷ್ಟು ದೊಡ್ಡ ದನಿ ಅಷ್ಟು ಸಣ್ಣ ಕೋಣೆಯಲ್ಲಿ ಇಷ್ಟು ದಿನ ಕಂಬಳಿ ಹೊದ್ದು ಮಲಗಿತ್ತೇ ಎನಿಸಿತು ಅವನಿಗೆ. ಮಾವ ನಡುವೆಯೇ ನಿಲ್ಲಿಸಿದ.

"ಇದು ಕೆಲಸಕ್ಕೆ ಬರಲ್ಲ."

"ಅಯ್ಯೋ, ಯಾಕೆ ಮಾವ? ಎಷ್ಟು ಚೆನ್ನಾಗಿತ್ತು!"

"ಚೆನ್ನಾಗಿತ್ತು, ಅದಕ್ಕೇ. ಇದನ್ನ ಕೇಳಿದ ಮೇಲೆ ನಿಮ್ಮಕ್ಕ ಬಾಯಿ ಬಿಡ್ತಾಳಾ? ಜನ ತಮ್ಮ ತಮ್ಮಲ್ಲೇ ಮಾತಾಡ್ಕೊಂಡಿರಬೇಕು, ಸಂಗೀತ ಇದೆ ಅನ್ನೋದೇ ಮರೀಬೇಕು. ಆದ್ರೆ ಅವಳಿಗೊಬ್ಬಳಿಗೆ ಅದು ಕೇಳ್ಬೇಕು. ಅವಳು ಯಾವ ಶ್ರುತೀಲಿ ಹಾಡ್ತಾಳೆ?"

ಸೌಂಡಣ್ಣನಿಗೆ ಗೊತ್ತಿರಲಿಲ್ಲ. ಅಕ್ಕ ಹಾಡಿದ್ದನ್ನು ಹುಟ್ಟಿದಾಗಿನಿಂದ ಕೇಳಿದ್ದಾನೆ. ಆದರೆ ಕುಳಿತು ಕೇಳಿದ್ದೇ ಇಲ್ಲ.

"ಹೋಗಿ ಕೇಳ್ಕೊಂಡು ಬಾ" ಎಂದ ಮಾವ.

ಅಂದು ಮಧ್ಯಾಹ್ನ ಅವನು ಹಿತ್ತಿಲ ಬಾಗಿಲಿನಿಂದ ಸದ್ದಿಲ್ಲದೆ ಒಳಗೆ ಬಂದು, ಹೊಲಿಗೆ ಕೋಣೆಯ ಗೋಡೆಗೆ ಒರಗಿ ನಿಂತ. ಅಕ್ಕ ಯಂತ್ರ ತುಳಿಯುತ್ತಿದ್ದಳು. ಯಂತ್ರದ ಸದ್ದಿನ ಅಡಿಯಲ್ಲಿ ಅವಳ ಹಾಡಿತ್ತು. ದಾರ ತುಂಡಾಗಿ ಯಂತ್ರ ನಿಂತಿತು, ಹಾಡೂ ನಿಂತಿತು. ದಾರ ಪೋಣಿಸುವಷ್ಟು ಹೊತ್ತೂ ಮೌನ. ಮತ್ತೆ ಕಾಲು ಆಡಿದ್ದೇ, ಹಾಡು ಬಿಟ್ಟಲ್ಲಿಂದಲೇ ಮುಂದುವರಿಯಿತು. ಬಟ್ಟೆ ತಿರುಗಿಸಲು ಯಂತ್ರ ಮತ್ತೊಮ್ಮೆ ನಿಂತಾಗ ಹಾಡೂ ಜೊತೆಗೇ ನಿಂತಿತು. ಗೋಡೆಗೆ ಒರಗಿದ್ದವನಿಗೆ ಆಗ ಹೊಳೆಯಿತು. ಅವಳು ಒಂಟಿಯಾಗಿ ಹಾಡಿದ್ದೇ ಇಲ್ಲ. ಇಷ್ಟು ವರ್ಷವೂ ಇಬ್ಬರು ಕೂಡಿ ಹಾಡುತ್ತಿದ್ದರು, ಅವಳು ಮತ್ತು ಆ ಯಂತ್ರ. ಅದು ಅವಳಿಗೂ ಗೊತ್ತಿದ್ದಂತಿರಲಿಲ್ಲ.

ಅವನು ಮೊಬೈಲು ತೆಗೆದು ಬಾಗಿಲ ಸಂದಿಗೆ ಹಿಡಿದ.

ಮರುದಿನ ಮಾವ ಅದನ್ನು ಎರಡೆರಡು ಸಲ ಹಾಕಿಸಿ ಕೇಳಿದ. ಆಮೇಲೆ ಪೆಟ್ಟಿಗೆಯ ಮುಂದೆ ಕುಳಿತು, ಬೆರಳು ಇಡದೆ, ಬರಿಯ ತಿದಿಯನ್ನು ತುಳಿಯತೊಡಗಿದ. ಯಂತ್ರದ ಗತಿಗೂ ತನ್ನ ಕಾಲಿನ ಗತಿಗೂ ಹೊಂದಿಕೆಯಾದ ಮೇಲೆ ಅಕ್ಕನ ಹಾಡು ಎಲ್ಲಿ ಹುಟ್ಟುತ್ತಿತ್ತೋ ಆ ಸ್ವರದ ಮೇಲೆ ಬೆರಳು ಇಟ್ಟ. ಅಲ್ಲಿಂದ ಸ್ವಲ್ಪ ದೂರ ಹೋಗಿ, ಸುತ್ತಾಡಿ, ಅಲ್ಲಿಗೇ ಬಂದ. ಮತ್ತೆ ಹೋದ, ಮತ್ತೆ ಬಂದ. ಕೇಳುತ್ತ ಕುಳಿತರೆ ಅದರಲ್ಲಿ ಏನೂ ಇರಲಿಲ್ಲ. ಕೇಳುವುದನ್ನು ಬಿಟ್ಟರೆ ಕೋಣೆಯಲ್ಲಿ ಯಾರೋ ಇದ್ದಾರೆ ಎನಿಸುತ್ತಿತ್ತು.

"ಇಷ್ಟು ಸಾಕಾ?" ಎಂದ ಸೌಂಡಣ್ಣ.

"ಜಾಸ್ತಿ ಆದ್ರೆ ಕೆಡುತ್ತೆ. ಇನ್ನು ಹೊಲದಲ್ಲಿ ನನ್ನ ಒಂದು ದಿನ ಹಾಳು. ನೆನಪಿಟ್ಕೋ."

ಸೌಂಡಣ್ಣ ಮೊಬೈಲಿನಲ್ಲಿ ತುಂಬಿಕೊಂಡದ್ದರಿಂದ ಅಕ್ಕನ ದನಿಯನ್ನು ತೆಗೆದುಹಾಕಿ, ಯಂತ್ರದ ಸದ್ದನ್ನು ಅಡಿಯಲ್ಲಿಟ್ಟು, ಮಾವನ ಹಾರ್ಮೋನಿಯಂ ಅನ್ನು ಅದರ ಮೇಲೆ ಕೂರಿಸಿದ. ಯಾರಿಗೂ ಹೇಳಲಿಲ್ಲ.

ಶನಿವಾರ ಬಂತು. ಕಿತ್ತ ಬೆಳೆ ಮಾರಿದವರು ಹಗುರ ಮನಸ್ಸಿನಿಂದ ಬಂದಿದ್ದರು, ಮಹಡಿ ತುಂಬಿತ್ತು. ಮೊದಲ ಹಾಡುಗಾರ ಮೈಕು ಇಟ್ಟಾಗ ಸೌಂಡಣ್ಣ ಹೊಸ ಸಂಗೀತ ಹಾಕಿದ. ಜನ ಎಂದಿನಂತೆ ಮಾತಿಗೆ ತೊಡಗಿದರು. ಯಾರೂ ಸ್ಪೀಕರಿನ ಕಡೆ ತಿರುಗಲಿಲ್ಲ. ಹಿಂದಿನ ಸಾಲಿನಲ್ಲಿ ಅಕ್ಕ ಮಾತ್ರ ತಲೆ ಎತ್ತಿದಳು.

ಯಜಮಾನರು ಅವಳನ್ನು ಕರೆದರು. ಸೌಂಡಣ್ಣ ಸದ್ದು ಏರಿಸಿ ಇಳಿಸುವ ಮಿಕ್ಸರಿನ ಮೇಲೆ ಬೆರಳಿಟ್ಟು ಕಾದ. ಅಕ್ಕ ಎದ್ದಳು. ಮೂಟೆಗಳ ಸಾಲು ದಾಟಿದಳು, ಕಿಟಕಿ ದಾಟಿದಳು. ಕಳೆದ ವಾರ ನಿಂತ ಜಾಗದಲ್ಲಿ ಅವಳ ಕಾಲು ನಿಧಾನವಾಯಿತು. ಹಾಗೆ ನಿಧಾನವಾದ ಹೆಜ್ಜೆ, ಅವನ ಕಣ್ಣೆದುರಿನಲ್ಲೇ, ಯಂತ್ರದ ಗತಿಗೆ ಬಂದು ಸೇರಿತು. ಮುಂದಿನದನ್ನು ಅವಳು ನಡೆದಂತೆ ಕಾಣಲಿಲ್ಲ. ಹೊಲಿಗೆಯೊಂದು ನೇರವಾಗಿ ಸಾಗಿ ಬಟ್ಟೆಯ ಅಂಚು ಮುಟ್ಟಿದಂತೆ ಬಂದು ಮೈಕಿನ ಎದುರು ನಿಂತಳು.

ಅವನು ಆ ಸದ್ದನ್ನು ಒಮ್ಮೆಗೇ ಕತ್ತರಿಸದೆ, ಹಾಡಿನ ವಾದ್ಯಗಳ ಅಡಿಯಲ್ಲೇ ಮೆಲ್ಲಗೆ ಉಳಿಸಿದ. ಅಕ್ಕ ಹಾಡಿದಳು.

ದೊಡ್ಡ ದನಿ ಅದಲ್ಲ. ಮಿಕ್ಸರಿನಲ್ಲಿ ದನಿಯ ಮಟ್ಟ ತೋರಿಸುವ ಹಸಿರು ದೀಪಗಳು ಅರ್ಧಕ್ಕೂ ಏರಲಿಲ್ಲ. ಆದರೂ ಅದು ಮೂಟೆಗಳನ್ನು ದಾಟಿ, ಮೆಟ್ಟಿಲಲ್ಲಿ ನಿಂತವರನ್ನೂ ಮುಟ್ಟಿತು. ಉತ್ತ ನೆಲದಿಂದ ಬೆಳಗಿನ ಹೊತ್ತು ಹಬೆ ಏಳುವಾಗ ಎಲ್ಲಿಂದ ಏಳುತ್ತಿದೆ ಎಂದು ಬೆರಳು ಮಾಡಲಾಗದು, ಹಾಗಿತ್ತು. ತಂದ ಚಹಾವನ್ನು ಯಜಮಾನರು ಬಾಯಿಗೂ ಒಯ್ಯದೆ, ಕೆಳಗೂ ಇಡದೆ ಹಿಡಿದೇ ನಿಂತರು. ತನಗೆ ಗೊತ್ತಿದ್ದ ಗುಂಡಿಗಳೆಲ್ಲ ಸೌಂಡಣ್ಣನಿಗೆ ಅಪರಿಚಿತವಾದವು. ತಿದ್ದಲು ಏನೂ ಇಲ್ಲದ ದನಿಯ ಮುಂದೆ ಅವನು ಕೈ ಹಿಂದಕ್ಕೆ ತೆಗೆದ. ಈ ದನಿಯನ್ನು ತಾನು ನಿದ್ದೆಗಣ್ಣಲ್ಲಿ, ಊಟ ಮಾಡುತ್ತ, ಜಗಳವಾಡುತ್ತ, ಬಾಗಿಲಿನ ಸದ್ದಿನಷ್ಟೇ ಸಲೀಸಾಗಿ ಕೇಳಿ ಬಿಟ್ಟಿದ್ದೆನಲ್ಲ ಎಂದು ಬೆರಗಾದ.

ಹಾಡು ಮುಗಿದಾಗ ಚಪ್ಪಾಳೆ ಬರಲು ತಡವಾಯಿತು. ಬಂದ ಮೇಲೆ ನಿಲ್ಲಲು ಇನ್ನೂ ತಡವಾಯಿತು. ಅಕ್ಕ ಕುರ್ಚಿಗೆ ಹಿಂದಿರುಗಿದಳು. ಸೌಂಡಣ್ಣ ನಡುವಿನ ಸಂಗೀತವನ್ನು ಮತ್ತೆ ಏರಿಸಿದ. ಯಜಮಾನರು ಲಾರಿ ಡ್ರೈವರನ್ನು ಕರೆದರು.

"ನನ್ನ ಚೀಟಿ ಹರಿದುಹಾಕಿ ಯಜಮಾನ್ರೇ" ಎಂದ ಅವನು ಕುಳಿತಲ್ಲಿಂದಲೇ. "ಇದರ ಮೇಲೆ ಬಂದು ನಾನೇನು ಕತ್ತೆ ಥರ ಒದರಲಾ?"

ಔಷಧಿ ಅಂಗಡಿಯಾಕೆಯೂ ಬೇಡವೆಂದಳು. ಮೇಷ್ಟ್ರು ಒಲ್ಲೆನೆಂದು ತಲೆ ಆಡಿಸಿದರು. ಮೈಕು ಖಾಲಿ ನಿಂತಿತ್ತು, ಸಂಗೀತ ನಡೆದೇ ಇತ್ತು. ಆಗ ಒಬ್ಬೊಬ್ಬರಿಗೇ ಅದು ಕೇಳಿಸತೊಡಗಿತು. "ಏನಿದು ಅಡಿಯಲ್ಲಿ? ರೈಲಾ?" "ತಗಡಿನ ಮೇಲೆ ಮಳೆ ಇರಬೇಕು." ಅಕ್ಕ ತಮ್ಮನನ್ನೇ ನೋಡುತ್ತಿದ್ದಳು. ಅವಳ ತುಟಿಗಳು 'ಕಳ್ಳ' ಎಂದದ್ದನ್ನು ಅವನು ಅಲ್ಲಿಂದಲೇ ಓದಿದ. ಸಂಜೆ ಮುಗಿಯುವ ತನಕ ಮತ್ತೆ ಯಾರೂ ಹಾಡಲಿಲ್ಲ. ಎದ್ದು ಹೋದವರೂ ಇಲ್ಲ.

ಆಪರೇಷನ್ ಆಯಿತು. ಗಂಟು ಪೂರ್ತಿ ಬಂತು, ಕೆಟ್ಟದ್ದೇನಲ್ಲ ಎಂದರು ಡಾಕ್ಟರು. ತಾವು ಹೇಳುವ ತನಕ ಬಾಯಿ ಬಿಡಕೂಡದೆಂದು ಕಟ್ಟಪ್ಪಣೆ ಮಾಡಿದರು. ಅಕ್ಕ ಕತ್ತಿಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು, ಕಣ್ಣು ಮತ್ತು ಕೈಗಳಲ್ಲೇ ತಮ್ಮನನ್ನು ಬೈಯುವುದನ್ನು ಕಲಿತಳು.

ಹೊಲದಲ್ಲಿ ಕೊನೆಯ ಸಾಲುಗಳು ಉಳಿದಿದ್ದಾಗ ಮಾವ ಹೇಳಿ ಕಳಿಸಿದ. ಸೌಂಡಣ್ಣ ಗುದ್ದಲಿ ಎತ್ತಿಕೊಂಡು ಹೊರಟರೆ, ಅಕ್ಕ ಬುಟ್ಟಿ ಹಿಡಿದು ಸೈಕಲ್ಲಿನ ಹಿಂದೆ ಹತ್ತಿ ಕುಳಿತಳು. ಬೇಡವೆಂದರೂ ಇಳಿಯಲಿಲ್ಲ.

ತಮ್ಮ ಅಗೆದ, ಅಕ್ಕ ಆರಿಸಿದಳು. ಮಾವ ಅವಳ ಮುಂದೆ ಹೋಗಿ ನಿಂತು ಸೊಂಟದ ಮೇಲೆ ಕೈಯಿಟ್ಟ. "ನಾನು ಕೂಗಿದ್ದು ಒಬ್ಬನ್ನ. ಬಂದದ್ದು ಇಬ್ಬರು. ಅವನ ದಿನ ಅವನು ತೀರಿಸಿದ. ನಿನ್ನ ದಿನ ನನ್ನ ತಲೆ ಮೇಲೆ ಬಂತಲ್ಲೇ ತಾಯಿ. ಮುಯ್ಯಿ ಯಾವಾಗ ಕೇಳ್ತಿ?"

ಅಕ್ಕ ಬುಟ್ಟಿ ಇಳಿಸಿ ಎರಡು ಕೈಗಳ ಬೆರಳುಗಳನ್ನೂ ಗಾಳಿಯಲ್ಲಿ ಆಡಿಸಿ, ಹಾರ್ಮೋನಿಯಂ ನುಡಿಸಿ ತೋರಿಸಿದಳು. ಆಮೇಲೆ ಕತ್ತಿನ ಬಟ್ಟೆಯನ್ನು ಮುಟ್ಟಿದಳು. ಆಮೇಲೆ, ಯಾವಾಗಲೋ ಗೊತ್ತಿಲ್ಲ ಎಂಬಂತೆ, ಮಣ್ಣಿನ ಅಂಗೈಯನ್ನು ಬಿಚ್ಚಿದಳು.

"ಆಗಲಿ, ನೀನು ಹಾಡೋ ದಿನ ನುಡಿಸ್ತೀನಿ. ಅಲ್ಲೀವರೆಗೂ ಮುಯ್ಯಿ ನನ್ನ ಮೇಲೇ ಇರಲಿ" ಎಂದ ಮಾವ. ತುಂಬಿದ ಬುಟ್ಟಿಗೆ ಕೈ ಹಚ್ಚಿ ಎತ್ತಿ, ಗಾಡಿಯ ಕಡೆ ನಡೆದ.