ಕೇಳದೆ ಕಟ್ಟಿದ ಕೂದಲಿನ ಪೊಟ್ಟಣ

ನಮ್ಮ ಬೀದಿಯಲ್ಲಿ ಗುಟ್ಟು ಉಳಿಯುವುದಿಲ್ಲ. ಅದಕ್ಕೆ ಮುಖ್ಯ ಕಾರಣ ನಾನೇ. ನಾನು ಕ್ಷೌರಿಕ, ಕತ್ತರಿಯ ಜೊತೆ ನನ್ನ ಬಾಯಿಯೂ ಆಡುತ್ತಿರುತ್ತದೆ.

ಆ ದಿನ ಬೇಕರಿಯವನ ತಲೆ ಬಾಚುತ್ತ ಅಂದೆ, "ನೆತ್ತಿ ಮೇಲೆ ಜೋಡಿ ಸುಳಿ, ಎಷ್ಟು ಬಾಚಿದ್ರೂ ಕೂರದ ಜುಟ್ಟು. ನಮ್ಮ ಅಂಗಡಿಗೇ ಬರೋ ಆ ಬಸ್ ಡ್ರೈವರ್‌ಗೂ ಹೀಗೇ ಇದೆ ಕಣೋ. ಮೂಗೂ ಅದೇ!"

ಕಟಿಂಗ್ ಇನ್ನೂ ಅರ್ಧ ಆಗಿತ್ತು, ಅವನು ಕುರ್ಚಿಯಿಂದ ಎದ್ದೇಬಿಟ್ಟ. ಅವನ ತಾಯಿ ತೀರಿಹೋಗುವ ಮುಂಚೆ, ಮೊದಲ ಮಗುವನ್ನು ದತ್ತು ಕೊಟ್ಟಿದ್ದೆ ಎಂದಿದ್ದರಂತೆ.

"ಅವನು ನಮ್ಮಣ್ಣನೇ ಇರ್ಬೇಕು! ಮುಂದಿನ ಸಲ ಬಂದಾಗ ಅವನ ಕೂದಲು ಎತ್ತಿಡು. ಡಿಎನ್‌ಎ ಪರೀಕ್ಷೆ ಮಾಡಿಸ್ತೀನಿ."

ನನಗೂ ಹುಮ್ಮಸ್ಸು ಉಕ್ಕಿತು. ಡ್ರೈವರ್ ಬಂದು ಹೋದದ್ದೇ ತಡ, ಕೂದಲು ಗುಡಿಸಿ ಪೊಟ್ಟಣ ಕಟ್ಟಿದೆ. ಬೇಕರಿಯವನು ಹಿಟ್ಟಿನ ಕೈಯಲ್ಲೇ ಓಡಿ ಬಂದ. ಅಷ್ಟರಲ್ಲಿ ಲ್ಯಾಬಿನಲ್ಲಿ ರಕ್ತ ತೆಗೆಯುವ ನನ್ನ ತಂಗಿ ಅಂಗಡಿಗೆ ಬಂದಳು. ನಾವು ಎಲ್ಲ ಹೇಳಿದೆವು.

"ಕತ್ತರಿಸಿದ ಕೂದಲಲ್ಲಿ ಬುಡ ಇರಲ್ಲ, ಈ ಪರೀಕ್ಷೆಗೆ ಆಗ್ಬರಲ್ಲ. ಜೋಡಿ ಸುಳಿ ಎಷ್ಟೋ ಜನಕ್ಕಿರುತ್ತೆ. ಅದಿರ್ಲಿ, ಅವರನ್ನ ಕೇಳಿದ್ರಾ?"

"ಕೇಳಿ, ಬೇಡ ಅಂದ್ಬಿಟ್ರೆ?" ಅಂದ ಬೇಕರಿಯವನು. "ನಂಗೆ ಬೇರೆ ಯಾರೂ ಇಲ್ಲಮ್ಮ."

"ಬೇಡ ಅನ್ನೋ ಹಕ್ಕು ಅವರಿಗಿದೆ ಅಣ್ಣ. ತಾನು ದತ್ತುಮಗ ಅಂತ ಅವರಿಗೆ ಗೊತ್ತೇ ಇಲ್ಲದಿದ್ರೆ? ಪರೀಕ್ಷೆಯ ಒಂದು ಕಾಗದ ಅವರ ಮನೇನೇ ಅಲ್ಲಾಡಿಸಿಬಿಡುತ್ತೆ. ನೀವು ನಿಮ್ಮ ಕಥೆ ಹೇಳಿ. ಅವರ ಕಥೆ ಅವರೇ ಹೇಳ್ಲಿ."

ನನ್ನ ಮುಖ ಹರಳೆಣ್ಣೆ ಕುಡಿದಂತಾಯಿತು. ಪೊಟ್ಟಣ ಕಸದ ಬುಟ್ಟಿಗೆ ಹೋಯಿತು.

ಮರುದಿನ ಬಸ್ ನಿಲ್ದಾಣದಲ್ಲಿ ಬೇಕರಿಯವನು ತೊದಲುತ್ತ ತನ್ನ ಕಥೆಯಷ್ಟನ್ನೇ ಹೇಳಿದ. ಕೂದಲಿನ ವಿಷಯ ನಾನು ಒಪ್ಪಿಕೊಂಡೆ. ಡ್ರೈವರ್ ಬಸ್ಸಿನ ಮೆಟ್ಟಿಲ ಮೇಲೆ ಕೂತ.

"ನಾನೂ ದತ್ತುಮಗನೇ," ಅಂದ. "ನನ್ನ ಕೂದಲನ್ನ ಕದ್ದು ಪರೀಕ್ಷೆಗೆ ಕಳಿಸಿದ್ದಿದ್ರೆ ಜನ್ಮದಲ್ಲಿ ನಿಮ್ಮಿಬ್ಬರ ಮುಖ ನೋಡ್ತಿರಲಿಲ್ಲ. ಮೊದಲು ಅಮ್ಮನ ಹತ್ರ ಮಾತಾಡ್ತೀನಿ. ಅವಳಿಗೆ ನಾನೊಬ್ಬನೇ. ಸ್ವಲ್ಪ ದಿನ ಕೊಡಿ."

ಎಂಟು ದಿನ! ಬೇಕರಿಯವನು ಎರಡು ಸಲ ಬ್ರೆಡ್ ಸುಟ್ಟ. ಒಂಬತ್ತನೆಯ ದಿನ ಡ್ರೈವರ್ ಬಂದ, ಪಕ್ಕದಲ್ಲಿ ಅವನ ಅಮ್ಮ! ಆಕೆ ಬೇಕರಿಯವನ ತಲೆ ಬಗ್ಗಿಸಿ ಸುಳಿ ನೋಡಿ ನಕ್ಕೇಬಿಟ್ಟರು.

"ಪರೀಕ್ಷೆ ಮಾಡಿಸ್ಕೊಳ್ಳಿ. ಏನೇ ಬರ್ಲಿ, ಇವನು ನನ್ನ ಮಗ. ನೀನೂ ಮನೆಗೆ ಬರ್ತಾ ಇರಪ್ಪ."

ಉತ್ತರ ಹೌದು ಎಂದು ಬರಬಹುದು, ಅಲ್ಲ ಎಂದೂ ಬರಬಹುದು, ಖಚಿತವಾಗದೆಯೂ ಇರಬಹುದು ಎಂದು ತಂಗಿ ಬಿಡಿಸಿ ಹೇಳಿದಳು. ಇಬ್ಬರೂ ಒಪ್ಪಿಗೆ ಪತ್ರ ಓದಿ ಸಹಿ ಹಾಕಿದರು.

ಫಲಿತಾಂಶ ಬಂದಾಯಿತು. ಏನೆಂದು ನನಗೆ ಗೊತ್ತು, ಆದರೆ ಹೇಳುವುದಿಲ್ಲ. ಇಷ್ಟು ಹೇಳುವುದಕ್ಕೂ ಅವರನ್ನು ಕೇಳಿಯೇ ಬಂದಿದ್ದೇನೆ. ಈಗ ಇಬ್ಬರೂ ಒಟ್ಟಿಗೇ ಕ್ಷೌರಕ್ಕೆ ಬರುತ್ತಾರೆ.

ಕತ್ತರಿ ಆಡಿಸುವ ಮುಂಚೆ "ಎಷ್ಟು ತೆಗೀಲಿ?" ಎಂದು ನಾನು ದಿನವೂ ಕೇಳುತ್ತೇನೆ. ಮತ್ತೆ ಬೆಳೆಯುವ ಕೂದಲಿಗೇ ಇಷ್ಟು ಕೇಳುವಾಗ, ಒಬ್ಬರ ಹುಟ್ಟಿನ ಗುಟ್ಟಿಗೆ ಕೇಳದೆ ಕೈ ಹಾಕಬಹುದೇ? ಪರೀಕ್ಷೆಗೆಂದು ಯಾರದೋ ಬಾಚಣಿಗೆ, ಲೋಟ ಕದ್ದೊಯ್ಯಬೇಡಿ. ಎದುರು ಕೂತು ಕೇಳಿ. ಬೇಡ ಅಂದರೆ ಅಲ್ಲಿಗೇ ಬಿಡಿ.